ಮಂಚದ ಬಳಿಯ ಪಾಠ

ನಿಮ್ಮ ಮನೆಯ ಹಿರಿಯರೊಬ್ಬರನ್ನು ವೈದ್ಯಕೀಯ ಕಾಲೇಜಿಗೆ ಸೇರಿದ ದೊಡ್ಡ ಆಸ್ಪತ್ರೆಯಲ್ಲಿ ಇರಿಸಿದ್ದೀರಿ ಎಂದಿಟ್ಟುಕೊಳ್ಳಿ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಬಿಳಿಯ ಕೋಟು ತೊಟ್ಟ ಹತ್ತು ಹನ್ನೆರಡು ಮಂದಿ ಹುಡುಗ ಹುಡುಗಿಯರು ಬಂದು ಮಂಚವನ್ನು ಸುತ್ತುವರಿಯುತ್ತಾರೆ. "ಅಜ್ಜಾ, ಕೆಮ್ಮು ಯಾವಾಗಿನಿಂದ?" ಎಂದು ಒಬ್ಬ ಕೇಳುತ್ತಾನೆ. ಅವನಿಗೆ ಹೇಳಿ ಮುಗಿಸುವಷ್ಟರಲ್ಲಿ ಇನ್ನೊಬ್ಬಳು ಅದನ್ನೇ ಕೇಳುತ್ತಾಳೆ. ಹಿಂದಿನ ರಾತ್ರಿ ಹೌಸ್ ಸರ್ಜನ್ ಕೇಳಿ ಬರೆದುಕೊಂಡು ಹೋದದ್ದೂ ಅದೇ ಪ್ರಶ್ನೆ. "ಬರೆದುಕೊಂಡಿದ್ದಾರಲ್ಲಮ್ಮಾ, ಅದನ್ನೇ ನೋಡಬಾರದೆ?" ಎಂದು ಅಜ್ಜ ಸಿಡುಕುತ್ತಾರೆ. ನಿಮಗೂ ಒಳಗೊಳಗೆ ಒಂದು ಪ್ರಶ್ನೆ ಹುಟ್ಟುತ್ತದೆ: ನಾವು ಇಲ್ಲಿಗೆ ಬಂದದ್ದು ಕಾಯಿಲೆ ವಾಸಿಮಾಡಿಸಿಕೊಳ್ಳುವುದಕ್ಕೋ, ಇವರಿಗೆಲ್ಲ ಪಾಠವಾಗುವುದಕ್ಕೋ?

ಎರಡಕ್ಕೂ ಎಂದೇ ಉತ್ತರ ಹೇಳಬೇಕು. ಈ ಎರಡು ಕೆಲಸಗಳು ಒಂದೇ ಸೂರಿನ ಕೆಳಗೆ ಹೇಗೆ ಸೇರಿಕೊಂಡವು, ಸೇರಿಕೊಂಡದ್ದರಿಂದ ನಿಮಗೆ ಬರುವ ಲಾಭವೇನು, ನೀವು ಬಿಟ್ಟುಕೊಡಬೇಕಾದ್ದೆಷ್ಟು, ಬಿಟ್ಟುಕೊಡಬೇಕಾಗಿಲ್ಲದ್ದು ಯಾವುದು ಎಂಬುದನ್ನು ಸ್ವಲ್ಪ ನೋಡೋಣ.

ಕಾನೂನಿನ ಕಾಲೇಜನ್ನು ತೆರೆಯುವವರಿಗೆ ನಾಲ್ಕು ಕೊಠಡಿಗಳೂ ಒಂದು ಒಳ್ಳೆಯ ಪುಸ್ತಕ ಭಂಡಾರವೂ ಇದ್ದರೆ ಆದೀತು. ಎಂಜಿನಿಯರಿಂಗ್ ಕಾಲೇಜಿಗೆ ಹಣವಿದ್ದರೆ ಯಂತ್ರಗಳನ್ನು ತರಿಸಬಹುದು. ವೈದ್ಯಕೀಯ ಕಾಲೇಜಿಗೆ ಬೇಕಾದ ಮುಖ್ಯ ಸಾಮಗ್ರಿ ರೋಗಿ. ಅವನನ್ನು ತರಿಸುವ ಹಾಗಿಲ್ಲ. ಅವನಾಗಿಯೇ ಬರಬೇಕು, ನಂಬಿ ಬರಬೇಕು. ನಮ್ಮ ದೇಶದ ವೈದ್ಯಕೀಯ ಕಾಲೇಜುಗಳ ಚರಿತ್ರೆಯಲ್ಲಿ ಬಹುಭಾಗ ಈ ನಂಬಿಕೆಯನ್ನು ಸಂಪಾದಿಸಿದ ಚರಿತ್ರೆಯೇ ಆಗಿದೆ.

ಕಲಕತ್ತೆಯಲ್ಲಿ ೧೮೨೨ರಿಂದಲೇ ದೇಶಭಾಷೆಗಳಲ್ಲಿ ವೈದ್ಯ ಕಲಿಸುವ ಒಂದು ಶಾಲೆಯಿತ್ತು. ೧೮೩೫ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಅದನ್ನು ಮುಚ್ಚಿ, ಇಂಗ್ಲಿಷಿನಲ್ಲಿ ಪಾಶ್ಚಾತ್ಯ ವೈದ್ಯವನ್ನು ಕಲಿಸುವ ಕಾಲೇಜನ್ನು ಸ್ಥಾಪಿಸಿದನು. ಅಲ್ಲಿ ಎದುರಾದ ದೊಡ್ಡ ತಡೆಯೆಂದರೆ ಶವಚ್ಛೇದನ. ಹೆಣವನ್ನು ಮುಟ್ಟಿದರೆ ಮೈಲಿಗೆ. ಕೊಯ್ದರೆ ಜಾತಿಯಿಂದ ಹೊರಗೆ. ವೈದ್ಯರ ಮನೆತನದಲ್ಲಿ ಹುಟ್ಟಿ, ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದ ಹೇಳಿಕೊಡುತ್ತಿದ್ದ ಪಂಡಿತ ಮಧುಸೂದನ ಗುಪ್ತರು ೧೮೩೬ರಲ್ಲಿ ಮುಂದೆ ಬಂದು ಶಸ್ತ್ರ ಹಿಡಿದರು. ಆ ದಿನ ಫೋರ್ಟ್ ವಿಲಿಯಂ ಕೋಟೆಯಿಂದ ತೋಪು ಹಾರಿಸಿದರೆಂಬ ಮಾತು ಇಂದಿಗೂ ಕೇಳಿಬರುತ್ತದೆ. ತೋಪು ಹಾರಿತೋ ಇಲ್ಲವೋ, ಆ ಕತ್ತಿಯ ಮೊದಲ ಗೆರೆಯಲ್ಲಿದ್ದ ಧೈರ್ಯ ಮಾತ್ರ ಸಣ್ಣದಲ್ಲ. ಸ್ವಾರಸ್ಯದ ಸಂಗತಿಯೆಂದರೆ, ಪಂಡಿತರು ಓದಿದ ಸುಶ್ರುತ ಸಂಹಿತೆಯೇ ಶವಪರೀಕ್ಷೆಯನ್ನು ವಿಧಿಸುತ್ತದೆ. ದೇಹವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದೊಳಗಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಸಿ, ಬಳಿಕ ಮೆಲ್ಲಮೆಲ್ಲನೆ ಉಜ್ಜುತ್ತ ಒಂದೊಂದು ಪದರವನ್ನೂ ಕಣ್ಣಾರೆ ಕಾಣಬೇಕೆಂದು ಅದರಲ್ಲಿ ಹೇಳಿದೆ. ಗ್ರಂಥ ಉಳಿದಿತ್ತು, ಅಭ್ಯಾಸ ತಪ್ಪಿಹೋಗಿತ್ತು.

ಕಲಕತ್ತೆಯ ಕಾಲೇಜಿಗೆ ತಕ್ಕಷ್ಟು ದೊಡ್ಡ ಆಸ್ಪತ್ರೆ ಸಿದ್ಧವಾದದ್ದು ೧೮೫೨ರಲ್ಲಿ. ಮದರಾಸಿನಲ್ಲಿ ಇದಕ್ಕೆ ತಿರುವುಮುರುವು. ಅಲ್ಲಿ ಕುಂಪಣಿಯ ಕಾಲದ ಹಳೆಯ ಜನರಲ್ ಆಸ್ಪತ್ರೆ ಮೊದಲೇ ಇತ್ತು. ೧೮೩೫ರಲ್ಲಿ ಅದರ ಮಗ್ಗುಲಲ್ಲಿ ಶಾಲೆ ಬಂತು, ೧೮೫೦ರಲ್ಲಿ ಅದು ಕಾಲೇಜಾಯಿತು. ಮುಂಬಯಿಯಲ್ಲಿ ಪಾರಸಿ ವರ್ತಕ ಜಮಶೇಟ್‌ಜಿ ಜೀಜೀಭಾಯಿ ಒಂದು ಲಕ್ಷ ರೂಪಾಯಿ ಕೊಟ್ಟರು. ೧೮೪೫ರಲ್ಲಿ ಗ್ರಾಂಟ್ ಕಾಲೇಜೂ ಜೆ. ಜೆ. ಆಸ್ಪತ್ರೆಯೂ ಜೊತೆಯಾಗಿಯೇ ಬಾಗಿಲು ತೆರೆದವು. ಮೂರರಲ್ಲಿ ನನಗೆ ಹಿಡಿಸುವುದು ಮದರಾಸಿನ ಕ್ರಮ. ಮೊದಲು ರೋಗಿಗಳ ವಿಶ್ವಾಸ, ಆಮೇಲೆ ಗಂಟೆ ಬಾರಿಸಿ ಪಾಠ.

ವಿಶ್ವಾಸದ ಮಾತು ಬಂದಾಗ ಹೆಂಗಸರನ್ನು ಮರೆಯಲಾಗದು. ಪ್ರಾಣ ಹೋದರೂ ಗಂಡಸು ಡಾಕ್ಟರಿಗೆ ಕೈತೋರಿಸುವುದಿಲ್ಲ ಎನ್ನುವ ಮನೆಗಳು ಆಗ ಎಷ್ಟೋ ಇದ್ದವು. ೧೮೭೫ರಲ್ಲಿ ಮದರಾಸು ಕಾಲೇಜು ಮೇರಿ ಶಾರ್ಲೀಬ್ ಮೊದಲಾದ ನಾಲ್ವರು ಮಹಿಳೆಯರನ್ನು ಸೇರಿಸಿಕೊಂಡದ್ದು ಈ ಸಂಕಟವನ್ನು ನೋಡಿಯೇ. ಕಲಕತ್ತೆಯಲ್ಲಿ ೧೮೮೬ರಲ್ಲಿ ಕಾದಂಬಿನಿ ಗಂಗೂಲಿ, ಮದರಾಸಿನಲ್ಲಿ ೧೯೧೨ರಲ್ಲಿ ಮುತ್ತುಲಕ್ಷ್ಮಿ ರೆಡ್ಡಿ ಉತ್ತೀರ್ಣರಾದರು. ವೆಲ್ಲೂರಿನ ಈಡಾ ಸ್ಕಡ್ಡರರ ಕಥೆಯನ್ನು ನೀವು ಕೇಳಿರಬಹುದು. ಹುಡುಗಿಯಾಗಿದ್ದಾಗ ಒಂದೇ ರಾತ್ರಿಯಲ್ಲಿ ಮೂವರು ಗಂಡಸರು ಒಬ್ಬರಾದ ಮೇಲೊಬ್ಬರು ಬಾಗಿಲಿಗೆ ಬಂದು, ಹೆರಿಗೆಯ ಬೇನೆಯಲ್ಲಿದ್ದ ತಮ್ಮ ಹೆಂಡತಿಯನ್ನು ಬಂದು ನೋಡೆಂದು ಅಂಗಲಾಚಿದರು. ಆಕೆ ಡಾಕ್ಟರಲ್ಲ, ಡಾಕ್ಟರಾದ ತಂದೆಯನ್ನು ಅವರು ಒಲ್ಲರು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು. ಆಕೆ ಅಮೆರಿಕಕ್ಕೆ ಹೋಗಿ ವೈದ್ಯ ಕಲಿತು ೧೯೦೦ರಲ್ಲಿ ಒಂದು ಮಂಚದ ದವಾಖಾನೆಯನ್ನು ತೆರೆದರು, ೧೯೧೮ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಶಾಲೆಯನ್ನು ನಡೆಸತೊಡಗಿದರು. ಗಂಡುಹುಡುಗರಿಗೆ ಅಲ್ಲಿ ಪ್ರವೇಶ ದೊರೆತದ್ದು ೧೯೪೭ರಲ್ಲಿ.

ನಮ್ಮ ನಾಡಿಗೆ ಬರೋಣ. ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೨೪ರಲ್ಲಿ, ಬೆಂಗಳೂರಿನಲ್ಲಿ ಆರಂಭವಾಯಿತು. ೧೯೩೦ರಲ್ಲಿ ಮೈಸೂರಿಗೆ ಬಂತು. ಕೃಷ್ಣರಾಜೇಂದ್ರ ಆಸ್ಪತ್ರೆಯೇ ಅದರ ಪಾಠಶಾಲೆ. ಊರಿನವರ ಬಾಯಲ್ಲಿ ಅದು ಬರೀ 'ದೊಡ್ಡಾಸ್ಪತ್ರೆ'. ನಂಜನಗೂಡು, ಚಾಮರಾಜನಗರ, ಮಂಡ್ಯದ ಕಡೆಯ ಹಳ್ಳಿಗಳಲ್ಲಿಯೂ ಹಾಗೆಂದರೆ ಸಾಕು, ಯಾವುದೆಂದು ಯಾರೂ ಕೇಳುವುದಿಲ್ಲ. ಬೆಂಗಳೂರಿನ ಕಾಲೇಜು ೧೯೫೫ರದು. ಅದಕ್ಕೆ ಆಧಾರವಾದ ವಿಕ್ಟೋರಿಯಾ ಆಸ್ಪತ್ರೆ ೧೯೦೦ರಿಂದಲೂ, ವಾಣಿವಿಲಾಸ ಆಸ್ಪತ್ರೆ ೧೯೩೫ರಿಂದಲೂ ಜನರಿಗೆ ಬಳಕೆಯಾಗಿದ್ದವು. ಹುಬ್ಬಳ್ಳಿಗೆ ೧೯೫೭ರಲ್ಲಿ ಕಾಲೇಜು ಬಂತು; ಅದಕ್ಕೆ ಮುಂಚೆ ಆ ಸೀಮೆಯ ಹುಡುಗರು ಮುಂಬಯಿ, ಪುಣೆಗಳಿಗೆ ಗಂಟುಮೂಟೆ ಕಟ್ಟಬೇಕಾಗಿತ್ತು.

ಮಣಿಪಾಲದ್ದು ಬೇರೆ ಬಗೆ. ೧೯೫೩ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಗಳು ಖಾಸಗಿಯಾಗಿ ವೈದ್ಯಕೀಯ ಕಾಲೇಜು ತೆರೆದಾಗ ಆ ಗುಡ್ಡದ ಮೇಲೆ ದೊಡ್ಡ ಆಸ್ಪತ್ರೆಯಿರಲಿಲ್ಲ. ಅಂಗರಚನೆ ಮೊದಲಾದ ಆರಂಭದ ಪಾಠಗಳು ಮಣಿಪಾಲದಲ್ಲಿ; ರೋಗಿಯ ಬಳಿಯ ಪಾಠಕ್ಕೆ ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆ, ಹೆರಿಗೆಗೆ ಲೇಡಿ ಗೋಷನ್ ಆಸ್ಪತ್ರೆ. ಖಾಸಗಿ ಕಾಲೇಜು, ಸರ್ಕಾರಿ ರೋಗಿ. ಇದು ನಡೆದೀತೆ ಎಂದು ಹುಬ್ಬೇರಿಸಿದವರು ಉಂಟು. ನಡೆಯಿತು. ಎರಡು ಕಡೆಗೂ ಅನುಕೂಲವೇ ಆಯಿತು: ಕಾಲೇಜಿಗೆ ರೋಗಿಗಳು ದೊರೆತರು, ಜಿಲ್ಲಾ ಆಸ್ಪತ್ರೆಗೆ ತಜ್ಞರು ದೊರೆತರು.

ಇನ್ನು ಮಂಚದ ಬಳಿಗೆ ಹೋಗೋಣ. ಅದೇ ಪ್ರಶ್ನೆಯನ್ನು ನಾಲ್ಕು ಸಲ ಏಕೆ ಕೇಳುತ್ತಾರೆ? ಬರೆದಿಟ್ಟದ್ದನ್ನು ಓದಿ ಕಲಿಯುವ ವಿದ್ಯೆ ಇದಲ್ಲ. ಕೇಳಿ ಕಲಿಯುವ ವಿದ್ಯೆ. ಮೊದಲ ಸಲ ಅಜ್ಜ "ಕೆಮ್ಮು ಒಂದು ವಾರದಿಂದ" ಎಂದಿರುತ್ತಾರೆ. ಮೂರನೆಯ ಸಲ ಕೇಳಿದಾಗ, "ಹೋದ ಚಳಿಗಾಲದಲ್ಲೂ ಹೀಗೇ ಆಗಿತ್ತು, ಆಗ ಕಫದಲ್ಲಿ ಕೆಂಪು ಕಂಡಿತ್ತು" ಎಂಬ ಮಾತು ಹೊರಗೆ ಬೀಳುತ್ತದೆ. ಆ ಒಂದು ಮಾತಿನಿಂದ ಚಿಕಿತ್ಸೆಯ ದಾರಿಯೇ ಬದಲಾಗಬಹುದು. ಸೂಕ್ಷ್ಮ ಯಂತ್ರಗಳು ಇಂದು ಎಷ್ಟು ಬಂದಿದ್ದರೂ, ಯಾವ ಯಂತ್ರದ ಕೆಳಗೆ ಮಲಗಿಸಬೇಕೆಂದು ಗೊತ್ತಾಗುವುದು ಈ ಮಾತುಕತೆಯಿಂದಲೇ.

ಮಾತುಕತೆ ಎಂದೆ, ಯಾವ ಭಾಷೆಯಲ್ಲಿ? ಪುಸ್ತಕವಿರುವುದು ಇಂಗ್ಲಿಷಿನಲ್ಲಿ, ರೋಗವಿರುವುದು ಕನ್ನಡದಲ್ಲಿ. ಮೈಸೂರಿನ ಕಡೆಯವರು "ಹುಷಾರಿಲ್ಲ" ಎಂದರೆ ಧಾರವಾಡದವರು "ಆರಾಮಿಲ್ರಿ" ಎನ್ನುತ್ತಾರೆ. ಇಲ್ಲಿಯ ಕಾಯಿಲೆ ಅಲ್ಲಿ ಜಡ್ಡು, ಮಂಗಳೂರಿನ ಕಡೆ ಸೀಕು. ನಮ್ಮಲ್ಲಿ ಬೇನೆಯೆಂದರೆ ಮೊದಲು ನೆನಪಾಗುವುದು ಹೆರಿಗೆ. ಉತ್ತರದಲ್ಲಿ ಹೊಟ್ಟೆಗೂ ಬ್ಯಾನಿ, ತಲೆಗೂ ಬ್ಯಾನಿ. ನೋವು ಎಂಬ ಒಂದನ್ನೇ ತೆಗೆದುಕೊಳ್ಳಿ. ಚುಚ್ಚುತ್ತದೆ, ಹಿಂಡುತ್ತದೆ, ಸೆಳೆಯುತ್ತದೆ, ಉರಿಯುತ್ತದೆ, ಸಿಡಿಯುತ್ತದೆ, ಹಿಡಿದುಕೊಂಡ ಹಾಗಿದೆ ಎಂದು ನಮ್ಮ ಜನ ಬೇರೆಬೇರೆಯಾಗಿ ಹೇಳುತ್ತಾರೆ, ಮತ್ತು ಪ್ರತಿಯೊಂದಕ್ಕೂ ಬೇರೆಯೇ ಅರ್ಥವಿದೆ. ಎದೆಯನ್ನು ಯಾರೋ ಹಿಂಡಿದ ಹಾಗಿದೆ ಎನ್ನುವವನನ್ನೂ, ಉಸಿರೆಳೆದಾಗ ಪಕ್ಕೆ ಚುಚ್ಚುತ್ತದೆ ಎನ್ನುವವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಹಾಗಿಲ್ಲ; ಮೊದಲನೆಯವನ ಹೃದಯವನ್ನು ತಕ್ಷಣ ನೋಡಬೇಕು. 'ಸಂಕಟ' ಎಂಬ ಮಾತಂತೂ ಹೊಟ್ಟೆಗೂ ಎದೆಗೂ ಮನಸ್ಸಿಗೂ ಸಲ್ಲುತ್ತದೆ. ಹೊರರಾಜ್ಯದಿಂದ ಬಂದ ವಿದ್ಯಾರ್ಥಿಗೆ ಇದನ್ನು ಯಾವ ನಿಘಂಟು ಹೇಳಿಕೊಟ್ಟೀತು? ೨೦೧೯ರಲ್ಲಿ ಜಾರಿಗೆ ಬಂದ ಪಠ್ಯಕ್ರಮದಲ್ಲಿ, ಕಾಲೇಜಿಗೆ ಸೇರಿದೊಡನೆ ಸ್ಥಳೀಯ ಭಾಷೆಯನ್ನು ಕಲಿಸಬೇಕೆಂದು ಇಟ್ಟಿದ್ದಾರೆ. ಒಳ್ಳೆಯದೇ. ಆದರೆ ಆ ಭಾಷೆಯ ನಿಜವಾದ ಮೇಷ್ಟರು ವಾರ್ಡಿನ ಆಯಾ, ನರ್ಸು ಮತ್ತು ರೋಗಿ. ಹಿಂದೆ ಹೈದರಾಬಾದಿನಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ, ವೈದ್ಯಕೀಯವನ್ನೇ ಉರ್ದುವಿನಲ್ಲಿ ಕಲಿಸಿದ್ದರು. ಅದು ಆಗದ ಮಾತೆನ್ನುವವರು ಇದನ್ನು ನೆನೆಯಬೇಕು.

ಕೇಳಿದ ಮೇಲೆ ನೋಡುವುದು, ಮುಟ್ಟುವುದು, ತಟ್ಟುವುದು, ಕಿವಿಗೊಡುವುದು. ಡಾಕ್ಟರು ಎಡಗೈ ಬೆರಳನ್ನು ಬೆನ್ನಿನ ಮೇಲಿಟ್ಟು ಬಲಗೈ ಬೆರಳಿನಿಂದ ತಟ್ಟುವುದನ್ನು ನೀವು ಕಂಡಿದ್ದೀರಿ. ತಟ್ಟಿ ನೋಡುವ ಈ ಕ್ರಮವನ್ನು ೧೭೬೧ರಲ್ಲಿ ವಿಯೆನ್ನಾದ ಆವೆನ್‌ಬ್ರುಗ್ಗರ್ ಎಂಬಾತ ಪ್ರಕಟಿಸಿದ. ಆತ ಹೋಟೆಲಿನವನ ಮಗ. ದ್ರಾಕ್ಷಾರಸದ ಪೀಪಾಯಿ ಎಷ್ಟು ತುಂಬಿದೆಯೆಂದು ತಟ್ಟಿ ತಿಳಿಯುವುದು ಮನೆಯ ಕಸುಬಾಗಿತ್ತಂತೆ. ನಮ್ಮ ಹೆಂಗಸರಿಗೆ ಇದೇನೂ ಹೊಸದಲ್ಲ. ಸಂತೆಯಲ್ಲಿ ತೆಂಗಿನಕಾಯಿ, ಮಡಕೆ, ಹಲಸಿನಹಣ್ಣು ಯಾವುದನ್ನೂ ತಟ್ಟದೆ ಕೊಂಡವರಲ್ಲ! ಗಾಳಿ ತುಂಬಿದ ಶ್ವಾಸಕೋಶದ ಸದ್ದು ಬೇರೆ, ನೀರು ನಿಂತ ಕಡೆಯ ಸದ್ದು ಬೇರೆ. ಅದು ಬೆರಳಿಗೆ ಬರಬೇಕಾದರೆ ನೂರು ಬೆನ್ನುಗಳನ್ನು ತಟ್ಟಬೇಕು. ಆ ನೂರು ಬೆನ್ನುಗಳು ಯಾರವು? ಬಹುಮಟ್ಟಿಗೆ ಬಡವರವು. ದುಡ್ಡಿದ್ದವರು ಖಾಸಗಿ ನರ್ಸಿಂಗ್ ಹೋಮಿಗೆ ಹೋಗುತ್ತಾರೆ. ಅಲ್ಲಿ ಅವರನ್ನು ನೋಡುವ ನುರಿತ ವೈದ್ಯನ ಬೆರಳು ನುರಿತದ್ದು ಸರ್ಕಾರಿ ವಾರ್ಡಿನ ಬಡವನ ಬೆನ್ನಿನ ಮೇಲೆ. ಈ ಸಾಲವನ್ನು ಯಾವ ಲೆಕ್ಕದ ಪುಸ್ತಕದಲ್ಲೂ ಬರೆದಿಲ್ಲ.

ಆ ರೋಗಿಗಳೂ ಸುಮ್ಮನೆ ಮಲಗಿರುವವರಲ್ಲ. ಎಳೆತನದಲ್ಲಿ ಕೀಲುವಾತದ ಜ್ವರ ಬಂದು ಹೃದಯದ ಕವಾಟ ಕಿರಿದಾದವರು ಕೆಲವರಿರುತ್ತಾರೆ. ಎದೆಯಲ್ಲಿ ಕೇಳುವ ಅಪರೂಪದ ಸದ್ದಿನಿಂದಾಗಿ ಅವರಿಗೆ ಪ್ರತಿ ವರ್ಷ ಪರೀಕ್ಷೆಯ ಕಾಲದಲ್ಲಿ ಕರೆ ಬರುತ್ತದೆ. ಬೆವರುತ್ತ, ಸ್ಟೆತಾಸ್ಕೋಪನ್ನು ಎಲ್ಲೆಲ್ಲೋ ಇಡುತ್ತಿರುವ ಹುಡುಗನನ್ನು ನೋಡಿ ಮರುಕ ಹುಟ್ಟಿ, "ಎಡಮಗ್ಗುಲಿಗೆ ತಿರುಗಿಸಿ ಕೇಳಪ್ಪ, ಆಗ ಚೆನ್ನಾಗಿ ಕೇಳಿಸುತ್ತೆ" ಎಂದು ಪಿಸುಗುಟ್ಟುವ ರೋಗಿಗಳ ಕಥೆ ಎಲ್ಲ ಕಾಲೇಜುಗಳಲ್ಲಿಯೂ ಉಂಟು. ಹೇಳಿದ್ದು ಅಕ್ಷರಶಃ ಸರಿಯೂ ಹೌದು, ಪುಸ್ತಕದಲ್ಲಿರುವುದೂ ಅದೇ.

ಹಾಗಾದರೆ ನಾವು ಎಲ್ಲಕ್ಕೂ ಒಪ್ಪಲೇಬೇಕೆ? ಬೇಕಾಗಿಲ್ಲ. ವಿದ್ಯಾರ್ಥಿ ತನ್ನ ಹೆಸರು ಹೇಳಿ, ತಾನು ವಿದ್ಯಾರ್ಥಿ ಎಂದು ತಿಳಿಸಿ, ಕೇಳಿ ಮುಟ್ಟಬೇಕು. ನಿಮಗೆ ಆಯಾಸವಾಗಿದ್ದರೆ "ಈಗ ಬೇಡ, ಆಮೇಲೆ ಬನ್ನಿ" ಎನ್ನಬಹುದು. ಹೆಣ್ಣುಮಗಳ ಮೈ ಪರೀಕ್ಷೆಗೆ ಪರದೆ ಎಳೆದಿರಬೇಕು, ಇನ್ನೊಬ್ಬ ಹೆಂಗಸು ಬಳಿಯಲ್ಲಿರಬೇಕು. ಬೇಡವೆಂದ ಮಾತ್ರಕ್ಕೆ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ, ನಿಲ್ಲಿಸುವ ಅಧಿಕಾರ ಯಾರಿಗೂ ಇಲ್ಲ. ಶಸ್ತ್ರಚಿಕಿತ್ಸೆಯ ಒಪ್ಪಿಗೆಯ ವಿಷಯದಲ್ಲಿ ಸುಪ್ರೀಂ ಕೋರ್ಟು ೨೦೦೮ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ: ರೋಗಿಗೆ ತಿಳಿಯುವಂತೆ ವಿವರಿಸಿ ಪಡೆದದ್ದೇ ಒಪ್ಪಿಗೆ, ಒಂದು ಕೆಲಸಕ್ಕೆ ಪಡೆದ ಒಪ್ಪಿಗೆ, ಪ್ರಾಣಾಪಾಯದ ಸಂದರ್ಭದ ಹೊರತು, ಇನ್ನೊಂದಕ್ಕೆ ಸಲ್ಲದು. ಹೆಬ್ಬೆಟ್ಟು ಒತ್ತಿಸಿಕೊಂಡದ್ದೆಲ್ಲ ಒಪ್ಪಿಗೆಯಲ್ಲ. ಧರ್ಮಾಸ್ಪತ್ರೆಗೆ ಬಂದವನು ಮೈಯನ್ನು ಬಾಡಿಗೆಯಾಗಿ ಕೊಟ್ಟುಬಂದವನೆಂದು ಯಾರಾದರೂ ನಡೆದುಕೊಂಡರೆ, ವಾರ್ಡಿನ ಮುಖ್ಯಸ್ಥರಿಗೆ ಹೇಳಲು ಹಿಂಜರಿಯಬೇಡಿ.

ನಿಮಗೆ ಸಿಗುವುದೂ ಕಡಿಮೆಯಲ್ಲ. ಒಬ್ಬ ರೋಗಿಯನ್ನು ಇಲ್ಲಿ ನೋಡುವುದು ಐದಾರು ಜೊತೆ ಕಣ್ಣುಗಳು. ಹಿರಿಯರು ಕಡೆಗಣಿಸಿದ ಒಂದು ಗಂಟನ್ನು ಕಿರಿಯ ವಿದ್ಯಾರ್ಥಿನಿ ಕಂಡುಹಿಡಿಯುವುದುಂಟು. ಆಕೆಗೆ ಎಲ್ಲವೂ ಹೊಸದು, ಆದ್ದರಿಂದ ಏನನ್ನೂ ಬಿಡುವುದಿಲ್ಲ. ನಡುರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದರೆ ಎದ್ದು ಬರುವ ಒಬ್ಬ ಡಾಕ್ಟರು ಅದೇ ಕಟ್ಟಡದಲ್ಲಿರುತ್ತಾರೆ. ಆದರೆ ಆ ಡಾಕ್ಟರು ಹಿಂದಿನ ದಿನ ಬೆಳಗ್ಗೆಯಿಂದ ನಿಂತೇ ಇರಬಹುದೆಂಬುದನ್ನೂ ತಿಳಿದಿರಿ. ರಕ್ತ ತೆಗೆಯುವುದು, ಎಕ್ಸ್‌ರೇ ತರುವುದು, ಆಳಿಲ್ಲದಾಗ ಸ್ಟ್ರೆಚರ್ ತಳ್ಳುವುದು ಎಲ್ಲವೂ ಅವರ ಪಾಲಿಗೆ. ೨೦೨೪ರ ಆಗಸ್ಟ್ ೯ರಂದು ಕಲಕತ್ತೆಯ ಆರ್. ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ, ರಾತ್ರಿಪಾಳಿಯ ಕೆಲಸದಲ್ಲಿದ್ದ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಆಸ್ಪತ್ರೆಯೊಳಗೇ ಅತ್ಯಾಚಾರಕ್ಕೆ ಗುರಿಯಾಗಿ ಕೊಲೆಯಾದರು. ಮಲಗಲು ಬೀಗವಿರುವ ಒಂದು ಕೊಠಡಿ ಸಹ ಇಲ್ಲದೆ ನಮ್ಮ ಮಕ್ಕಳು ರಾತ್ರಿ ಕಳೆಯುತ್ತಾರೆಂಬುದು ಆಗ ದೇಶಕ್ಕೆ ಗೊತ್ತಾಯಿತು. ರೋಗಿ ತೀರಿಕೊಂಡನೆಂದು ಬಂಧುಗಳು ಹೌಸ್ ಸರ್ಜನ್ನನ ಮೇಲೆ ಕೈಮಾಡುವ ಸುದ್ದಿಯಂತೂ ಪತ್ರಿಕೆಗಳಲ್ಲಿ ಮೇಲಿಂದಮೇಲೆ ಬರುತ್ತದೆ. ಹೊಡೆಸಿಕೊಳ್ಳುವವನು ಅಲ್ಲಿ ಎಲ್ಲರಿಗಿಂತ ಕಿರಿಯನು, ಔಷಧವಿಲ್ಲದ್ದಕ್ಕೂ ಹಾಸಿಗೆಯಿಲ್ಲದ್ದಕ್ಕೂ ಹೊಣೆಯಲ್ಲದವನು.

ಮಗನನ್ನೋ ಮಗಳನ್ನೋ ಡಾಕ್ಟರು ಮಾಡಬೇಕೆಂದಿರುವ ತಂದೆತಾಯಿಗಳಿಗೆ ಒಂದೆರಡು ಮಾತು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿದ್ದ ವೈದ್ಯಕೀಯ ಕಾಲೇಜುಗಳು ಸುಮಾರು ೨೦. ಇಂದು ೭೦೦ನ್ನು ದಾಟಿವೆ. ಕರ್ನಾಟಕವೊಂದರಲ್ಲೇ ೭೦ರ ಆಸುಪಾಸಿನಲ್ಲಿವೆ. ಬಹು ಕಾಲ ನಮ್ಮ ರಾಜ್ಯಕ್ಕೆ ಖಾಸಗಿ ಕಾಲೇಜುಗಳಿಂದ ಹೆಸರೂ ಬಂತು, ಸೀಟಿನ ವ್ಯಾಪಾರದಿಂದ ಅಪಕೀರ್ತಿಯೂ ಬಂತು. ವಂತಿಗೆ ಹಣವನ್ನು ನಿಷೇಧಿಸಿ ೧೯೮೪ರಲ್ಲಿ ಶಾಸನ ಮಾಡಬೇಕಾಯಿತು. ಅದು ಬಾಗಿಲು ಮುಚ್ಚಿದರೆ ಕಿಟಕಿಯಲ್ಲಿ ಬರುವ ಪದಾರ್ಥ. ಈಗ ಪ್ರವೇಶಕ್ಕೆ ದೇಶಕ್ಕೆಲ್ಲ ಒಂದೇ ಪರೀಕ್ಷೆ, ೨೦೨೦ರಿಂದ ಮೇಲ್ವಿಚಾರಣೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ. ಆದರೂ ತಪಾಸಣೆಯ ದಿನ ಪಕ್ಕದ ಹಳ್ಳಿಗಳಿಂದ ಬಸ್ಸಿನಲ್ಲಿ ಜನರನ್ನು ತಂದು, ದಿನಕ್ಕಿಷ್ಟೆಂದು ಕೂಲಿ ಕೊಟ್ಟು, ಮಂಚದ ಮೇಲೆ ಮಲಗಿಸಿದ ಸುದ್ದಿಗಳನ್ನು ನೀವು ಓದಿದ್ದೀರಿ. ಕಾಯಿಲೆಯಿಲ್ಲದ ರೋಗಿಯಿಂದ ಕಲಿತ ಡಾಕ್ಟರು ನಾಳೆ ನಿಮ್ಮ ತಾಲ್ಲೂಕಿಗೇ ಬರುವವನು. ಆದ್ದರಿಂದ ಕಾಲೇಜನ್ನು ಆರಿಸುವಾಗ ಅಮೃತಶಿಲೆಯ ಮೆಟ್ಟಿಲು, ಈಜುಕೊಳಗಳನ್ನು ನೋಡಬೇಡಿ. ಮುಂಚಿತವಾಗಿ ತಿಳಿಸದೆ, ಯಾವುದಾದರೂ ಸೋಮವಾರ ಬೆಳಗ್ಗೆ ಹೊರರೋಗಿಗಳ ವಿಭಾಗದ ಮುಂದೆ ಹೋಗಿ ನಿಂತುಕೊಳ್ಳಿ. ಚೀಟಿಗಾಗಿ ನಿಂತ ಸಾಲು ಬೀದಿಯವರೆಗೂ ಬಂದಿದ್ದರೆ ಅಲ್ಲಿ ವಿದ್ಯೆಯುಂಟು. ಸಾಲಿಲ್ಲದೆ, ಕಾವಲುಗಾರನೊಬ್ಬ ಆಕಳಿಸುತ್ತಿದ್ದರೆ, ಶುಲ್ಕ ಎಷ್ಟೇ ಇರಲಿ, ಮುಂದಿನ ಊರಿಗೆ ಹೊರಡಿ.

ಕಡೆಯದಾಗಿ, ಎಲ್ಲರೂ ಮಾತಾಡಲು ಅಳುಕುವ ವಿಷಯ. ವೈದ್ಯ ವಿದ್ಯಾರ್ಥಿಯ ಮೊದಲ ಗುರು ಬದುಕಿರುವವರಲ್ಲಿಲ್ಲ. ಮೊದಲ ವರ್ಷದ ಅಂಗರಚನೆಯ ಕೊಠಡಿಯಲ್ಲಿ ಕಲ್ಲಿನ ಮೇಜಿನ ಮೇಲೆ ಆ ಗುರು ಮಲಗಿರುತ್ತಾರೆ. ಪಾಠಕ್ಕೆ ಮುನ್ನ ಆ ದೇಹಕ್ಕೆ ಗೌರವ ಸಲ್ಲಿಸಿ ಪ್ರತಿಜ್ಞೆ ಮಾಡುವ ಪದ್ಧತಿ ಈಗ ಕಾಲೇಜುಗಳಲ್ಲಿ ಬಂದಿದೆ. ನಮ್ಮಲ್ಲಿ ೧೯೫೭ರ ಅಂಗರಚನಾ ಶಾಸನದ ಮೇರೆಗೆ ವಾರಸುದಾರರಿಲ್ಲದ ದೇಹಗಳನ್ನು ಕಾಲೇಜುಗಳಿಗೆ ಕೊಡುತ್ತಾರೆ. ಇಲ್ಲಿಯೂ ಪಾಠವಾಗುವವನು ದಿಕ್ಕಿಲ್ಲದವನೇ ಎಂಬುದನ್ನು ಗಮನಿಸಿ. ಇದು ಮೆಲ್ಲನೆ ಬದಲಾಗುತ್ತಿದೆ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಜ್ಯೋತಿ ಬಸು ೨೦೧೦ರಲ್ಲಿ ತೀರಿಕೊಂಡಾಗ ಅವರ ದೇಹ ಮೆರವಣಿಗೆಯಲ್ಲಿ ಹೋದದ್ದು ಚಿತೆಗಲ್ಲ, ವೈದ್ಯಕೀಯ ವಿದ್ಯಾರ್ಥಿಗಳ ಬಳಿಗೆ. ಅದೇ ವರ್ಷ ಬೆಳಗಾವಿಯ ಆಯುರ್ವೇದ ಕಾಲೇಜಿನ ಅಂಗರಚನೆಯ ಅಧ್ಯಾಪಕರೊಬ್ಬರು, ಎರಡು ವರ್ಷ ಹಿಂದೆ ತೀರಿಕೊಂಡಿದ್ದ ವೈದ್ಯರಾದ ತಮ್ಮ ತಂದೆಯ ದೇಹವನ್ನು, ತಂದೆಯ ಇಚ್ಛೆಯಂತೆ, ವಿದ್ಯಾರ್ಥಿಗಳ ಮುಂದೆ ತಾವೇ ಛೇದಿಸಿ ಪಾಠ ಹೇಳಿದರು. ಅದನ್ನು ಓದಿದವರಲ್ಲಿ ಕೆಲವರು ಮೂಗುಮುರಿದರು, ಕೆಲವರು ಕೈಮುಗಿದರು. ನಾನು ಕೈಮುಗಿದವರ ಸಾಲಿನವನು.

ನಿಮಗೂ ಮನಸ್ಸಿದ್ದರೆ ಕ್ರಮ ಸುಲಭ. ಹತ್ತಿರದ ವೈದ್ಯಕೀಯ ಕಾಲೇಜಿನ ಅಂಗರಚನೆಯ ವಿಭಾಗಕ್ಕೆ ಹೋಗಿ ಅಥವಾ ಬರೆದು ನಮೂನೆಯನ್ನು ತರಿಸಿಕೊಂಡು, ಸಾಕ್ಷಿಗಳ ಸಹಿಯೊಡನೆ ಭರ್ತಿಮಾಡಿ ಕೊಡಿ. ಮರಣೋತ್ತರ ಪರೀಕ್ಷೆಯಾದ ದೇಹವನ್ನೂ, ಕೆಲವು ಅಂಟುರೋಗಗಳಿಂದ ತೀರಿಕೊಂಡವರ ದೇಹವನ್ನೂ ಅವರು ಸ್ವೀಕರಿಸುವುದಿಲ್ಲ. ಕಣ್ಣುಗಳನ್ನು ದಾನಮಾಡುವುದಾದರೆ ಅದಕ್ಕೆ ಅಡ್ಡಿಯಿಲ್ಲ. ಆದರೆ ಆರು ಗಂಟೆಗಳೊಳಗೆ ತೆಗೆಯಬೇಕು. ವೈದ್ಯರು ಕೊಟ್ಟ ಮರಣದ ಪ್ರಮಾಣಪತ್ರ ಕೈಯಲ್ಲಿರಬೇಕು. ಮುಖ್ಯವಾಗಿ, ನಮೂನೆಗೆ ಸಹಿ ಮಾಡಿದಿರೆಂದು ಕಾಲೇಜಿನವರು ತಾವಾಗಿ ಮನೆಗೆ ಬರುವುದಿಲ್ಲ. ಮನೆಯವರು ತಿಳಿಸಬೇಕು, ಅವರ ಒಪ್ಪಿಗೆಯೂ ಬೇಕು. ಅದನ್ನು ಬೀರುವಿನಲ್ಲಿ ಒಡವೆಯ ಜೊತೆ ಬೀಗ ಹಾಕಿಟ್ಟರೆ ಹನ್ನೊಂದನೆಯ ದಿನ ಸಿಕ್ಕೀತು. ಮಕ್ಕಳಿಗೆ ಈಗಲೇ, ಊಟಕ್ಕೆ ಕುಳಿತಾಗ ಹೇಳಿಬಿಡಿ. ಕಾಲೇಜಿನ ದೂರವಾಣಿ ಸಂಖ್ಯೆಯನ್ನು ಹಾಲಿನವನ ಲೆಕ್ಕ ಬರೆದಿಡುವ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆಯಿಸಿ.